ನಾಜೀರವ್ರತ: ಹೊರುವುದು ಸುಲಭ, ತೀರಿಸುವುದು ಕಷ್ಟ

ಬೈಬಲಿನ ಅರಣ್ಯಕಾಂಡದ 6ನೇ ಅಧ್ಯಾಯವನ್ನು ವಚನ ಎಣಿಸುತ್ತಾ ಓದಿ ನೋಡಿ. ನಾಜೀರನು, ಅಂದರೆ ಹರಕೆ ಹೊತ್ತು ತನ್ನನ್ನು ದೇವರಿಗೆಂದು ಮೀಸಲಿಟ್ಟವನು, ಏನೇನು ಬಿಡಬೇಕು ಎಂಬುದಕ್ಕೆ 3ರಿಂದ 8ರವರೆಗೆ 6 ವಚನಗಳಿವೆ. ವ್ರತ ನಡುವೆ ಕೆಟ್ಟರೆ ಏನು ಗತಿ ಎಂಬುದಕ್ಕೆ 4. ವ್ರತವನ್ನು ಮುಗಿಸುವ ಕ್ರಮಕ್ಕೆ ಮಾತ್ರ 13ರಿಂದ 20ರವರೆಗೆ 8 ವಚನಗಳು. ನಾಜೀರ ಎಂದೊಡನೆ ನಮಗೆ ನೆನಪಾಗುವುದು ಬಲಶಾಲಿ ಸಂಸೋನನ ಜಡೆ, ಅವನನ್ನು ವಂಚಿಸಿದ ದೆಲೀಲಳ ಮಡಿಲು. ಧರ್ಮಶಾಸ್ತ್ರದ ಲಕ್ಷ್ಯವೆಲ್ಲ ತೀರಿಸುವ ದಿನದ ಮೇಲಿದೆ.

ಸಂಸೋನನನ್ನು ನೋಡಿ ಈ ವ್ರತ ಕಲಿಯಬಾರದು. ಅವನು ಹರಕೆ ಹೊತ್ತವನೇ ಅಲ್ಲ. ಹುಟ್ಟುವ ಮೊದಲೇ ದೂತನು ಅವನ ತಾಯಿಗೆ ಆಜ್ಞೆ ಕೊಟ್ಟಿದ್ದ. ಅವನ ವ್ರತಕ್ಕೆ ಮುಗಿಯುವ ದಿನವೂ ಇರಲಿಲ್ಲ. ಅರಣ್ಯಕಾಂಡದ ನಾಜೀರರ ದಾರಿ ಬೇರೆ. ಗಂಡಾಗಲಿ ಹೆಣ್ಣಾಗಲಿ, ಯಾವ ಕುಲದವರಾಗಲಿ, ತಾವಾಗಿಯೇ ಬಾಯಿಬಿಟ್ಟು ಹರಕೆ ಹೊತ್ತು, ಇಷ್ಟು ದಿನವೆಂದು ಗೊತ್ತುಮಾಡಿಕೊಂಡವರು. ದಿನ ಹೇಳದಿದ್ದರೆ 30 ದಿನ ಎಂದು ಹಿಡಿಯುತ್ತದೆ ಮಿಷ್ನಾ. ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ ಆ ಯೆಹೂದ್ಯ ಶಾಸ್ತ್ರಸಂಗ್ರಹದಲ್ಲಿ ಈ ವ್ರತಕ್ಕೇ ಒಂದು ಪ್ರತ್ಯೇಕ ಭಾಗವಿದೆ.

ಬಿಡಬೇಕಾದವು ಮೂರು. ಮೊದಲನೆಯದು ದ್ರಾಕ್ಷಿ. ದ್ರಾಕ್ಷಾರಸ, ಮದ್ಯ, ಅವುಗಳಿಂದಾದ ಹುಳಿ, ಹಸಿ ಹಣ್ಣು, ಒಣಹಣ್ಣು, ಕಡೆಗೆ ಬೀಜ ಸಿಪ್ಪೆ ಕೂಡ ಇಲ್ಲ. ಆಲಿವ್ ಕಾಯಿಯಷ್ಟು ತಿಂದರೂ ತಪ್ಪೇ. ಈ ಮಾತು ಬಂದದ್ದು ಸೀನಾಯಿ ಬೆಟ್ಟದ ಬುಡದಲ್ಲಿ ಇಸ್ರಾಯೇಲ್ಯರ ಪಾಳೆಯವಿದ್ದಾಗ, ಬಳ್ಳಿ ನೆಡಲು ಜಾಗವೇ ಇಲ್ಲದ ಮರಳುಗಾಡಿನಲ್ಲಿ ಎಂಬುದನ್ನು ಗಮನಿಸಬೇಕು. ಎಷ್ಕೋಲ್ ಕಣಿವೆಯಿಂದ ಗೂಢಚಾರರು ದ್ರಾಕ್ಷಿಗೊಂಚಲನ್ನು ಇಬ್ಬರು ಹೊರುವಂತೆ ಅಡ್ಡೆಗೆ ಕಟ್ಟಿ ತಂದದ್ದು ಆಮೇಲೆ. ಆಕಾಶದಿಂದ ಬಿದ್ದ ಮನ್ನವೆಂಬ ಆಹಾರವನ್ನು ದಿನವೂ ಆಯ್ದು ತಿನ್ನುತ್ತಿದ್ದ ಜನರಿಗೆ ದ್ರಾಕ್ಷಿ ಬಿಡುವ ನೇಮ ಕೊಟ್ಟ ಕರ್ತನು, ಅವರು ದ್ರಾಕ್ಷಿ ಬೆಳೆಯುವ ನಾಡನ್ನು ಸೇರುತ್ತಾರೆಂದು ಅಲ್ಲೇ ಮಾತು ಕೊಟ್ಟಹಾಗಾಯಿತು.

ಎರಡನೆಯದು ಕ್ಷೌರಕತ್ತಿ. ತಲೆ ತೊಳೆಯಬಹುದು, ಕೂದಲನ್ನು ಬೆರಳಿನಿಂದ ಬಿಡಿಸಿಕೊಳ್ಳಬಹುದು, ಬಾಚಣಿಗೆ ಹಾಕುವಂತಿಲ್ಲ. ಬಾಚಿದರೆ ಕೂದಲು ಕಿತ್ತು ಬರುತ್ತದೆ.

ಮೂರನೆಯದು ಶವ. ಇದು ಎಲ್ಲಕ್ಕಿಂತ ಕಠಿಣ. ತಂದೆ ತಾಯಿ, ಅಣ್ಣತಮ್ಮ, ಅಕ್ಕತಂಗಿ ಸತ್ತರೂ ಹತ್ತಿರ ಹೋಗಬಾರದು. ಸಾಮಾನ್ಯ ಯಾಜಕನಿಗೆ ಹೆತ್ತವರ ಶವಕ್ಕೆ ಹೋಗಲು ಅಪ್ಪಣೆಯಿದೆ, ಮಹಾಯಾಜಕನಿಗೆ ಇಲ್ಲ. ಅಂದರೆ ಈ ಒಂದು ವಿಷಯದಲ್ಲಿ ಹರಕೆ ಹೊತ್ತ ಬಡ ಹೆಂಗಸೂ ಮಹಾಯಾಜಕ ಆರೋನನ ಸಾಲಿಗೆ ಬರುತ್ತಾಳೆ. ಯಾಜಕತ್ವ ತನಗೂ ಬೇಕೆಂದು ಕೋರಹನು ದಂಗೆ ಎದ್ದು ಕೇಳಿದ್ದರಲ್ಲಿ ಒಂದು ಪಾಲು, ಕೇಳದೆಯೇ ಎಲ್ಲರಿಗೂ ತೆರೆದಿತ್ತು.

ತಪ್ಪಿದರೆ? ಎಲ್ಲ ತಪ್ಪಿಗೂ ಒಂದೇ ದಂಡವಿಲ್ಲ. ದ್ರಾಕ್ಷಾರಸ ಕುಡಿದವನು ಪಾಪ ಕಟ್ಟಿಕೊಂಡ, ಆದರೆ ಕಳೆದ ದಿನಗಳು ಹೋಗುವುದಿಲ್ಲ. ತಲೆ ಬೋಳಿಸಿಕೊಂಡರೆ 30 ದಿನ ನಷ್ಟ, ಏಕೆಂದರೆ ಮುಗಿಸುವ ದಿನ ತೆಗೆಯಲು ಕೂದಲು ಬೆಳೆದಿರಬೇಕು. ಶವ ಸೋಂಕಿದರೆ ಎಲ್ಲವೂ ಹೋಯಿತು. ಪಕ್ಕದಲ್ಲಿದ್ದವನು ಇದ್ದಕ್ಕಿದ್ದಂತೆ ಸತ್ತು ಬಿದ್ದರೂ ಹಾಗೆಯೇ. ಅಂಥವನು 7 ದಿನ ಅಶುದ್ಧ. ಕೆಂದಾಕಳಿನ ಬೂದಿ ಕಲಸಿದ ನೀರನ್ನು 3ನೆಯ ಮತ್ತು 7ನೆಯ ದಿನ ಚಿಮುಕಿಸಿಕೊಂಡು, 7ನೆಯ ದಿನ ತಲೆ ಬೋಳಿಸಿ, 8ನೆಯ ದಿನ ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ ತರಬೇಕು. ಪ್ರಾಯಶ್ಚಿತ್ತಕ್ಕೆ ಒಂದು ವರ್ಷದ ಕುರಿಯೂ ಬೇಕು. ಆಮೇಲೆ ಮೊದಲನೆಯ ದಿನದಿಂದ ಲೆಕ್ಕ. ಆ ಕೂದಲು ಬಲಿಯ ಬೆಂಕಿಗೆ ಸಲ್ಲದು, ಅದನ್ನು ಹೂಳುತ್ತಿದ್ದರು. ಐಗುಪ್ತದಿಂದ ಹೊರಟ 20 ವರ್ಷ ಮೇಲ್ಪಟ್ಟ ಪೀಳಿಗೆಯೇ ಅರಣ್ಯದಲ್ಲಿ ಮುಗಿಯಬೇಕೆಂದು ತೀರ್ಪಾದ ಪಾಳೆಯವದು. ಗುಡಾರ ಗುಡಾರದಲ್ಲೂ ಸಾವು ಕಾದಿರುವಾಗ ಈ ನೇಮದ ಭಾರ ಎಷ್ಟೆಂದು ಊಹಿಸಿ.

ಇನ್ನು ತೀರಿಸುವ ದಿನ. ನಾಜೀರನನ್ನು ದೇವದರ್ಶನದ ಗುಡಾರದ ಬಾಗಿಲಿಗೆ ಕರೆತರುತ್ತಾರೆ. ಸರ್ವಾಂಗಹೋಮಕ್ಕೆ ಒಂದು ವರ್ಷದ ಗಂಡುಕುರಿ, ದೋಷಪರಿಹಾರಕ್ಕೆ ಒಂದು ವರ್ಷದ ಹೆಣ್ಣುಕುರಿ, ಸಮಾಧಾನಯಜ್ಞಕ್ಕೆ ಟಗರು, ಮೂರಕ್ಕೂ ಅಂಗದೋಷ ಇರಕೂಡದು. ಒಂದು ಪುಟ್ಟಿ ತುಂಬ ಹುಳಿಯಿಲ್ಲದ ರೊಟ್ಟಿ: ಎಣ್ಣೆ ಕಲಸಿದ ದಪ್ಪನೆಯವು, ಎಣ್ಣೆ ಸವರಿದ ತೆಳ್ಳನೆಯವು, ಮಿಷ್ನಾದ ಲೆಕ್ಕದಲ್ಲಿ ತಲಾ 10. ಅದರ ಜೊತೆ ಪಾನದ್ರವ್ಯ. ಹೋಮದ ಕುರಿಗೆ ಹಿನ್ ಎಂಬ ಅಳತೆಯ ಕಾಲು ಪಾಲು, ಟಗರಿಗೆ ಹಿನ್‌ನ ಮೂರನೆಯ ಒಂದು ಪಾಲು ದ್ರಾಕ್ಷಾರಸ. ಇಷ್ಟು ದಿನ ನಾಲಿಗೆಗೆ ತಾಕಿಸದಿದ್ದ ರಸವನ್ನು ಅವನೇ ತರಬೇಕು, ಅದು ಮೊದಲು ದೇವರಿಗೆ ಸಲ್ಲಬೇಕು.

ಆಮೇಲೆ ಕೂದಲು. ತಲೆ ಬೋಳಿಸಿ, ಆ ಕೂದಲನ್ನು ಸಮಾಧಾನಯಜ್ಞದ ಟಗರು ಬೇಯುತ್ತಿರುವ ಹಂಡೆಯ ಕೆಳಗಿನ ಬೆಂಕಿಗೆ ಹಾಕಬೇಕು. ಯೆರೂಸಲೇಮಿನ ದೇವಾಲಯದಲ್ಲಿ ಇದಕ್ಕೆಂದೇ ಸ್ತ್ರೀಯರ ಪ್ರಾಕಾರದ ಆಗ್ನೇಯ ಮೂಲೆಯಲ್ಲಿ ಒಂದು ಕೊಠಡಿ ಇತ್ತು. ಅಲ್ಲೇ ಕ್ಷೌರ, ಅಲ್ಲೇ ಒಲೆ. ಕೂದಲು ಸುಟ್ಟರೆ ಎಂಥ ಕಮಟು ಎಂದು ಗೊತ್ತಿದ್ದವರಿಗೆ ಆ ಕೊಠಡಿಯ ಗಾಳಿ ಹೇಗಿದ್ದಿರಬೇಕೆಂದು ಹೇಳಬೇಕಾಗಿಲ್ಲ. ಮಾಂಸ ಬೇಯುವ ಆವಿ, ಆಲಿವ್ ಎಣ್ಣೆಯ ವಾಸನೆ, ಅದರ ನಡುವೆ ಚುರುಚುರು ಸುಡುವ ಜಡೆ. ತಿಂಗಳುಗಟ್ಟಲೆ ಎಲ್ಲರ ಕಣ್ಣಿಗೆ ಕಾಣುವಂತೆ ಹೊತ್ತಿದ್ದ ಭಕ್ತಿಯ ಗುರುತು ಅಡಿಗೆಯ ಸೌದೆಯಾಯಿತು. ಅದನ್ನು ಯಜ್ಞವೇದಿಯ ಮೇಲಿಡುವುದಿಲ್ಲ, ಮನೆಗೆ ಒಯ್ಯುವುದೂ ಇಲ್ಲ.

ಬೆಂದ ಟಗರಿನ ಮುಂದೊಡೆ, ಎರಡೂ ಬಗೆಯ ರೊಟ್ಟಿಯಲ್ಲಿ ಒಂದೊಂದು. ಇವನ್ನು ಯಾಜಕನು ನಾಜೀರನ ಅಂಗೈ ಮೇಲಿಟ್ಟು ನಿವಾಳಿಸುತ್ತಾನೆ. ಅವು ಯಾಜಕನ ಪಾಲು, ಎದೆ ಮತ್ತು ತೊಡೆಯೂ ಅವನದೇ. ಉಳಿದದ್ದನ್ನು ಆ ದಿನ ನಡುರಾತ್ರಿಯೊಳಗೆ ತಿಂದು ಮುಗಿಸಬೇಕೆನ್ನುತ್ತದೆ ಮಿಷ್ನಾ. ಒಂದು ಟಗರು, 18 ರೊಟ್ಟಿ ಒಬ್ಬನಿಂದ ಆಗುವ ಮಾತಲ್ಲ, ನಾಲ್ಕು ಜನರನ್ನು ಕೂಡಿಸಿಕೊಳ್ಳಲೇಬೇಕು. “ಆಮೇಲೆ ನಾಜೀರನು ದ್ರಾಕ್ಷಾರಸ ಕುಡಿಯಬಹುದು” ಎಂದು ವಿಧಿ ನಿಲ್ಲುತ್ತದೆ. ಅದರ ಬೆನ್ನಿಗೇ ಬರುವುದು ನಮ್ಮ ಸಭೆಗಳಲ್ಲಿ ಆರಾಧನೆಯ ಕೊನೆಗೆ ಕೇಳುವ ಆರೋನನ ಆಶೀರ್ವಾದ.

ಖರ್ಚು ಸಣ್ಣದಲ್ಲ. ಪೌಲನು ಯೆರೂಸಲೇಮಿಗೆ ಬಂದಾಗ ನಾಲ್ವರ ಕ್ಷೌರದ ವೆಚ್ಚ ವಹಿಸಿಕೊಳ್ಳಲು ಹಿರಿಯರು ಹೇಳಿದ್ದು ಅಪೊಸ್ತಲರ ಕೃತ್ಯಗಳು 21ರಲ್ಲಿದೆ. ಕ್ಷೌರವೆಂದರೆ ಬರೀ ಕತ್ತಿಯ ಕೂಲಿಯಲ್ಲ. ನಾಲ್ವರಿಗೆ 12 ಪ್ರಾಣಿ, ರೊಟ್ಟಿ, ಎಣ್ಣೆ, ರಸ. ಕೈ ಖಾಲಿಯಾಗಿ ವ್ರತದಿಂದ ಹೊರಬರಲಾಗದವರನ್ನು ಬಿಡಿಸುವುದೂ ಒಂದು ದಾನವಾಗಿತ್ತು.

ನಮ್ಮಲ್ಲಿ ಈಸ್ಟರಿಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ಶುರುವಾದಾಗ ಮಾಂಸ ಬಿಟ್ಟೆ, ಕಾಫಿ ಬಿಟ್ಟೆ ಎನ್ನುವವರು ಬೇಕಾದಷ್ಟು. ಮೂರನೆಯ ವಾರಕ್ಕೆ ಅದು ಎಲ್ಲಿ ಹೋಯಿತೋ ಅವರಿಗೇ ತಿಳಿಯದು. ಹರಕೆ ಹೊರದಿದ್ದರೆ ದೋಷವಿಲ್ಲ, ಹೊತ್ತರೆ ತಡಮಾಡದೆ ತೀರಿಸು ಎಂದು ಧರ್ಮೋಪದೇಶಕಾಂಡ 23 ನೇರವಾಗಿ ಹೇಳುತ್ತದೆ. ಸದ್ದಿಲ್ಲದೆ ಕೈಬಿಡುವುದಕ್ಕೆ ಅಲ್ಲಿ ಜಾಗವಿಲ್ಲ.

ಮೆಸೊಪೊಟೇಮಿಯದ ಆದಿಯಾಬೇನೆ ರಾಜ್ಯದ ರಾಣಿ ಹೆಲೇನಾ, ಮಗ ಯುದ್ಧದಿಂದ ಕ್ಷೇಮವಾಗಿ ಬಂದರೆ 7 ವರ್ಷ ನಾಜೀರಳಾಗಿರುತ್ತೇನೆ ಎಂದಳು. ಮಗ ಬಂದ, 7 ವರ್ಷ ಕಳೆಯಿತು. ಇಸ್ರಾಯೇಲ್ ನಾಡಿಗೆ ಬಂದಾಗ, ಹೊರನಾಡಿನ ದಿನಗಳು ಲೆಕ್ಕಕ್ಕಿಲ್ಲ, ಇನ್ನೂ 7 ವರ್ಷ ಇರು ಎಂದರು ಯೆಹೂದ್ಯ ಪಂಡಿತ ಹಿಲ್ಲೇಲನ ಪಂಥದವರು. ಅದರ ಕೊನೆಯಲ್ಲಿ ಅಶುದ್ಧಿ ತಗುಲಿ ಮತ್ತೆ 7; ಒಟ್ಟು 21. ರಬ್ಬಿ ಯೆಹೂದ ಮಾತ್ರ 14 ಎನ್ನುತ್ತಾನೆ.

ಆದರೂ ಅವಳು ಮುಗಿಸಿದಳು. ಕ್ರಿ.ಶ. 70ರಲ್ಲಿ ದೇವಾಲಯ ಬಿದ್ದ ಮೇಲೆ ದೂರದಿಂದ ವ್ರತ ತೀರಿಸಲು ಬಂದವರಿಗೆ ಬಲಿಯೂ ಇಲ್ಲ, ಒಲೆಯೂ ಇಲ್ಲ. ಮೇದ್ಯ ನಾಡಿನ ಪಂಡಿತ ನಾಹೂಮ್ ಕೇಳಿದ: ದೇವಾಲಯ ಹಾಳಾಗುತ್ತದೆಂದು ತಿಳಿದಿದ್ದರೆ ಹರಕೆ ಹೊರುತ್ತಿದ್ದಿರಾ? ಇಲ್ಲವೆಂದರು, ಬಿಡಿಸಿಬಿಟ್ಟ. ಪಂಡಿತರು ಒಪ್ಪಲಿಲ್ಲ, ದೇವಾಲಯ ಬೀಳುವ ಮೊದಲೇ ಹೊತ್ತವರು ಕಟ್ಟುಬಿದ್ದವರೇ ಎಂದರು. ಈಗಲೂ ಯೆಹೂದ್ಯ ಶಾಸ್ತ್ರದ ಪ್ರಕಾರ ನಾಜೀರನಾಗುತ್ತೇನೆ ಎಂದವನಿಗೆ ಸಾಯುವವರೆಗೆ ಇಲ್ಲವೆ ದೇವಾಲಯ ಮತ್ತೆ ಏಳುವವರೆಗೆ ಬಲಿಕೊಟ್ಟು ವ್ರತ ತೀರಿಸುವ ಕ್ರಮವೇ ಇಲ್ಲ. ಹಾಗಾಗಿ ಮದ್ಯ ಬಿಡಬೇಕೆನ್ನುವವರು ಮದ್ಯ ಬಿಡುತ್ತೇನೆ ಎಂದಷ್ಟೇ ಹೇಳಬೇಕು, ನಾಜೀರ ಎಂಬ ಮಾತನ್ನು ಬಾಯಿಗೆ ತರಬಾರದು.