ವಜ್ರ ಬೇಡ, ಬಣ್ಣದ ಹರಳೇ ಬೇಕು ಅನ್ನುವವರಿಗೆ

ನಿಶ್ಚಿತಾರ್ಥಕ್ಕೆ ಬಣ್ಣದ ಹರಳಿನ ಉಂಗುರ ಕೊಳ್ಳಲು ಹೊರಟವರು ಬಣ್ಣದಿಂದಲೇ ಶುರುಮಾಡುತ್ತಾರೆ. ಮೊದಲು ನೋಡಬೇಕಾದ್ದು ಗಡಸುತನ. ಪಾತ್ರೆ ತೊಳೆಯುವಾಗಲೂ ಸ್ಕೂಟರ್ ಓಡಿಸುವಾಗಲೂ ಈ ಉಂಗುರ ಬೆರಳಲ್ಲೇ ಇರುತ್ತದೆ. ಧೂಳಿನಲ್ಲಿರುವ ಮರಳಿನ ಕಣದ ಗಡಸುತನ ಮೋಸ್ ಅಳತೆಯಲ್ಲಿ (1ರಿಂದ 10ರವರೆಗಿನ ಗಡಸುತನದ ಪಟ್ಟಿ) 7. ಅದಕ್ಕಿಂತ ಮೆತ್ತಗಿನ ಕಲ್ಲು ಒರೆಸಿ ಒರೆಸಿಯೇ ಮಂಕಾಗುತ್ತದೆ. ಹಾಗಾಗಿ ಮುತ್ತು, ಹವಳ, ಓಪಲ್ ಬೇಡ. ಟಾಂಜನೈಟ್ ನೋಡಲು ನೀಲದ (ಸಫೈರ್) ಹಾಗಿದ್ದರೂ 6ರಿಂದ 7 ಅಷ್ಟೇ, ಓಲೆಗೆ ಸರಿ.

ನೀಲ, ಮಾಣಿಕ್ಯ ಎರಡೂ ಕೊರಂಡಮ್ ಎಂಬ ಒಂದೇ ಖನಿಜ, ಗಡಸುತನ 9. ದಿನಬಳಕೆಗೆ ಇವೇ ಗಟ್ಟಿ. ನಮ್ಮಲ್ಲಿ ಯಾರೂ ಕೇಳದ ಸ್ಪಿನೆಲ್ 8. ಕೆಂಪು, ಗುಲಾಬಿ, ನೇರಳೆ ಬಣ್ಣಗಳಲ್ಲಿ ಸಿಗುತ್ತದೆ, ಬಣ್ಣ ತಿದ್ದಲು ಕಲ್ಲನ್ನು ಕಾಯಿಸುವುದು ಇದರಲ್ಲಿ ಕಡಿಮೆ. ಬ್ರಿಟಿಷ್ ಕಿರೀಟದಲ್ಲಿ ಮಾಣಿಕ್ಯವೆಂದು ಹೆಸರಾದ ಆ ದೊಡ್ಡ ಕೆಂಪು ಕಲ್ಲು ಕೂಡ ಸ್ಪಿನೆಲ್ಲೇ.

ಪಚ್ಚೆಯ ಲೆಕ್ಕವೇ ಬೇರೆ. ಅಳತೆಯಲ್ಲಿ 7.5ರಿಂದ 8 ಇದ್ದರೂ ಒಳಗೆಲ್ಲ ಸಣ್ಣ ಬಿರುಕು, ಅದನ್ನು ಮರೆಸಲು ಎಣ್ಣೆ ತುಂಬಿರುತ್ತಾರೆ. ಅಂಗಡಿಯಲ್ಲಿ ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿದರೆ ಎಣ್ಣೆ ಹೋಗಿ ಬಿರುಕು ಎದ್ದು ಕಾಣುತ್ತದೆ. ಪಚ್ಚೆಯೇ ಬೇಕೆಂದರೆ ಸುತ್ತಲೂ ಚಿನ್ನದ ಅಂಚಿರುವ ಉಂಗುರ ಮಾಡಿಸಿ. ಉಗುರುಬೆಚ್ಚಗಿನ ನೀರು, ಮೆತ್ತನೆಯ ಬ್ರಷ್ ಬಿಟ್ಟು ಬೇರೇನೂ ತಾಗಿಸಬೇಡಿ.

ದೊಡ್ಡ ಮಾಣಿಕ್ಯ ಅಗ್ಗಕ್ಕೆ ಸಿಕ್ಕರೆ ಬಿರುಕಿಗೆ ಸೀಸದ ಗಾಜು ತುಂಬಿದ್ದೇ ಇರಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಂದರೆ ಲೂಪ್‌ನಲ್ಲಿ ಒಳಗೆ ಗಾಳಿಗುಳ್ಳೆ, ಓರೆ ಮಾಡಿದಾಗ ನೀಲಿ ಮಿಂಚು ಕಾಣುತ್ತದೆ. ಆ ಗಾಜನ್ನು ನಿಂಬೆರಸವೂ ತಿನ್ನುತ್ತದೆ, ಅಕ್ಕಸಾಲಿಗರ ಆಸಿಡ್ಡಂತೂ ಸರಿಯೇ ಸರಿ. ಬರೀ ಕಾಯಿಸಿದ ಕಲ್ಲಿಗೆ ಈ ಕಾಟವಿಲ್ಲ, ಬಣ್ಣ ನಿಲ್ಲುತ್ತದೆ. ಆದರೆ ಕಲ್ಲಿನ ಜೊತೆ ಕೊಡುವ ಕಾರ್ಡಿನಲ್ಲಿ 'ನ್ಯಾಚುರಲ್' ಅಂತ ಇದ್ದ ಮಾತ್ರಕ್ಕೆ ಏನೂ ಮಾಡಿಲ್ಲ ಅಂತಲ್ಲ. ಕಾಯಿಸಿದ್ದು, ತುಂಬಿಸಿದ್ದು ಬರೆದಿರುವ ಲ್ಯಾಬ್ ವರದಿ ಕೇಳಿ. ಲ್ಯಾಬ್‌ನಲ್ಲಿ ಬೆಳೆಸಿದ ಮಾಣಿಕ್ಯವೂ ಅಷ್ಟೇ ಗಡಸು. ಹಾಗೆಂದು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಕೊಟ್ಟರೆ ತಪ್ಪೇನಿಲ್ಲ.

ಕಲ್ಲನ್ನು ಅಂಗಡಿಯ ದೀಪದಡಿ ಒಪ್ಪಬೇಡಿ. ಬಾಗಿಲ ಬಳಿ ಹಗಲ ಬೆಳಕಿಗೆ ತನ್ನಿ. ಆಮೇಲೆ ಮಬ್ಬು ಬೆಳಕಿನಲ್ಲೂ ನೋಡಿ, ಗಾಢ ನೀಲಗಳು ಅಲ್ಲಿ ಕಪ್ಪಾಗಿಬಿಡುತ್ತವೆ. ಬಿಡಿ ಕಲ್ಲನ್ನು ಅಚ್ಚಾದ ಕಾಗದದ ಮೇಲಿಡಿ: ನಡುವಿನಲ್ಲಿ ಅಕ್ಷರ ಓದಲು ಬಂದರೆ ಕಟಿಂಗ್ ತೆಳುವಾಗಿದೆ, ಹೊಳಪು ಅಲ್ಲೇ ಸೋರಿಹೋಗುತ್ತದೆ. ತೂಕವನ್ನು ಕ್ಯಾರಟ್‌ನಲ್ಲೇ ಕೇಳಿ, 1 ಕ್ಯಾರಟ್ ಅಂದರೆ 200 ಮಿಲಿಗ್ರಾಂ. ರತ್ತಿ ಎಂಬ ಹಳೆಯ ತೂಕ ಅದಕ್ಕಿಂತ ಕಡಿಮೆ, ಹಾಗಾಗಿ ರತ್ತಿಗಿಷ್ಟು ಅಂದರೆ ಬೆಲೆ ಅಗ್ಗವೆಂದು ತೋರುತ್ತದೆ. ಒಂದು ಕ್ಯಾರಟ್ಟಿನ ದುಂಡು ನೀಲ ಸುಮಾರು 6 ಮಿ.ಮೀ.; ಪಚ್ಚೆ ಹಗುರ, ಅದೇ ತೂಕಕ್ಕೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಅಡ್ವಾನ್ಸ್ ಕೊಡುವ ಮೊದಲು ಎರಡೂ ಮನೆಯ ಹಿರಿಯರನ್ನು ಕೇಳಿಬಿಡಿ. ನೀಲ ಶನಿಯ ಕಲ್ಲು, ಜಾತಕ ತೋರಿಸದೆ ಹಾಕಬಾರದು ಅನ್ನುವ ಮನೆಗಳು ಬಹಳ. ನಂಬಿಕೆ ನಿಮಗಿಲ್ಲದಿರಬಹುದು, ಆದರೆ ಛತ್ರದಲ್ಲಿ ಆ ಮಾತು ಏಳುವುದು ಬೇಡ. ಹಳದಿ ಪುಷ್ಯರಾಗ ಗುರುವಿನದು, ತಕರಾರು ಕಡಿಮೆ. ಬಿಲ್ಲಿನಲ್ಲಿ ಮಾತ್ರ 'ಯೆಲ್ಲೋ ಸಫೈರ್' ಎಂದೇ ಬರೆಸಿ. ಪುಷ್ಯರಾಗದ ಹೆಸರಿನಲ್ಲಿ ಟೋಪಾಜ್ ಎಂಬ ಬೇರೆ ಕಲ್ಲು ದಾಟಿಸುವವರಿದ್ದಾರೆ, ಅದು ಒಂದೇ ಪೆಟ್ಟಿಗೆ ಸೀಳಬಹುದು.

ಚಿನ್ನ 18 ಕ್ಯಾರಟ್ ಇರಲಿ (ಚಿನ್ನದಲ್ಲಿ ಕ್ಯಾರಟ್ ಅಂದರೆ ತೂಕವಲ್ಲ, ಶುದ್ಧತೆ). 22 ಮೆತ್ತಗೆ, ಕಲ್ಲು ಹಿಡಿಯುವ ಪ್ರಾಂಗ್ ಬೇಗ ಸವೆದು ಬಾಗುತ್ತದೆ. ಹಾಲ್‌ಮಾರ್ಕ್‌ನಲ್ಲಿ 18ಕೆ750, ಜೊತೆಗೆ ಆ ಒಡವೆಯದೇ ಗುರುತಾದ ಆರು ಅಕ್ಷರ–ಅಂಕೆಗಳ ಎಚ್‌ಯುಐಡಿ ಇರಬೇಕು. ಕಲ್ಲಿನ ತೂಕ ಕಳೆದೇ ಚಿನ್ನದ ದರ ಹಾಕಿದ್ದಾರೆಯೇ ನೋಡಿ.

ಬೆರಳಿನ ಅಳತೆಯನ್ನು ಸಂಜೆ ಕೊಡಿ, ಬೆಳಿಗ್ಗೆಗಿಂತ ತುಸು ಊದಿರುತ್ತದೆ. ನಮ್ಮ ಅಂಗಡಿಗಳ ಉಂಗುರದ ನಂಬರಿಗೆ 40 ಕೂಡಿಸಿದರೆ ಸುತ್ತಳತೆ ಮಿ.ಮೀ.ನಲ್ಲಿ ಸಿಗುತ್ತದೆ: 14 ಅಂದರೆ 54. ಮುಂದೆ ಉಂಗುರ ಹಿಗ್ಗಿಸುವಾಗ ಪಚ್ಚೆ ಅಥವಾ ಗಾಜು ತುಂಬಿದ ಕಲ್ಲಿದ್ದರೆ ಬಿಚ್ಚಿಟ್ಟು ಆಮೇಲೆ ಬೆಂಕಿ ಹಿಡಿಯಲು ಹೇಳಿ.