ಸುಳ್ಳು ಹೇಳಿ ಗೆದ್ದವರಿಗೆ ಯಾಕೆ ಚಪ್ಪಾಳೆ ತಟ್ಟುತ್ತೇನೆ?

ಅಮೆರಿಕದ ರಿಯಾಲಿಟಿ ಶೋ ‘ಸರ್ವೈವರ್’ ಬಗ್ಗೆ ಮಾತು ತೆಗೆದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. “ನಂಬಿದವರಿಗೇ ಕೈಕೊಟ್ಟು ಗೆದ್ದವರನ್ನು ಬಾಯ್ತುಂಬ ಹೊಗಳ್ತೀರಿ. ಆದರೆ ಬಿಗ್ ಬಾಸ್ ಮನೆಯಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಕೂಗಾಡ್ತೀರಿ. ಇದು ಯಾವ ನ್ಯಾಯ?” ಗೆಳೆಯರು ಕೇಳುತ್ತಾರೆ, ಮನೆಯವರೂ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಸರ್ವೈವರ್ ನೋಡದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಗೊತ್ತಿಲ್ಲದ ಒಂದಷ್ಟು ಜನರನ್ನು ದ್ವೀಪದಲ್ಲಿ ಬಿಡುತ್ತಾರೆ. ಕೆಲವು ದಿನಕ್ಕೊಮ್ಮೆ ಅವರೇ ಓಟು ಹಾಕಿ ತಮ್ಮಲ್ಲೊಬ್ಬರನ್ನು ಮನೆಗೆ ಕಳಿಸಬೇಕು. ಕೊನೆಗೆ ಇಬ್ಬರೋ ಮೂವರೋ ಉಳಿಯುತ್ತಾರೆ. ಅವರಲ್ಲಿ ಹತ್ತು ಲಕ್ಷ ಡಾಲರ್ ಯಾರಿಗೆ ಎಂದು ತೀರ್ಮಾನಿಸುವುದು ಜನ ಅಲ್ಲ. ಆಟದಲ್ಲಿ ಸೋತು ಹೊರಗೆ ಹೋದವರೇ ಜ್ಯೂರಿಯಾಗಿ ಕೂತು ಓಟು ಹಾಕುತ್ತಾರೆ. ಅಂದರೆ ಮೋಸ ಮಾಡಿದವನಿಗೆ ಬಹುಮಾನ ಕೊಡಬೇಕಾದವರು ಮೋಸ ಹೋದವರೇ! ನನ್ನ ಉತ್ತರವೆಲ್ಲ ಇಲ್ಲಿಂದಲೇ ಶುರು.

ಮೊದಲ ಸೀಸನ್ ನಡೆದದ್ದು 2000ದಲ್ಲಿ, ಮಲೇಷ್ಯಾದ ಪುಲಾವ್ ಟಿಗಾ ದ್ವೀಪದಲ್ಲಿ. ರಿಚರ್ಡ್ ಹ್ಯಾಚ್ ನಾಲ್ಕು ಜನರ ಗುಂಪು ಕಟ್ಟಿ, ಉಳಿದವರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಹಾಕಿಸಿದ. ಆಗ ಅಮೆರಿಕದ ಪ್ರೇಕ್ಷಕರಲ್ಲಿ ತುಂಬಾ ಜನಕ್ಕೆ ಅದು ಅಸಹ್ಯ ಅನಿಸಿತ್ತು. ಓಟಿಗೆ ಮೊದಲೇ ಮಾತಾಡಿಕೊಂಡು ಬರುವುದೇ ತಪ್ಪು ಎಂಬ ಭಾವನೆ. ಕೊನೆಗೆ ಉಳಿದದ್ದು ರಿಚರ್ಡ್ ಮತ್ತು ಕೆಲ್ಲಿ. ಕೊನೆಯ ರಾತ್ರಿ ಜ್ಯೂರಿಯಲ್ಲಿದ್ದ ಸೂ ಹಾಕ್ ಎಂಬ ಟ್ರಕ್ ಡ್ರೈವರ್ ಎದ್ದು ನಿಂತಳು. ತನ್ನನ್ನು ಹೊರಗೆ ಹಾಕಿದ ಗೆಳತಿ ಕೆಲ್ಲಿಯನ್ನು ಇಲಿ ಎಂದಳು, ರಿಚರ್ಡ್‌ನನ್ನು ಹಾವು ಎಂದಳು. ಹಾವು ಇಲಿಯನ್ನು ತಿನ್ನಲಿ ಎಂದು ಹೇಳಿ ಅವನಿಗೇ ಓಟು ಹಾಕಿದಳು. ಅವನು 4–3ರಲ್ಲಿ ಗೆದ್ದ. ಸೂಗೆ ಇಬ್ಬರ ಮೇಲೂ ಸಿಟ್ಟಿತ್ತು, ಆದರೂ ಯಾರು ಚೆನ್ನಾಗಿ ಆಡಿದರು ಎಂದು ತೂಗಿ ನೋಡಿದಳು. ಅವಳಿಗೇ ಒಪ್ಪಿಗೆಯಾದ ಮೇಲೆ ಸೋಫಾ ಮೇಲೆ ಕೂತ ನನಗೇನು ತಕರಾರು?

ನಮ್ಮಲ್ಲಿ ಹಾಗಲ್ಲ. ಬಿಗ್ ಬಾಸ್‌ನಲ್ಲಿ ಓಟು ಹಾಕುವುದು ಮನೆಯಲ್ಲಿ ಕೂತ ನಾವು. ನಾಮಿನೇಷನ್‌ಗೆ ಇಬ್ಬರು ಪಿಸುಗುಟ್ಟಿದರೆ ನಮಗದು ಗುಂಪುಗಾರಿಕೆ. ಜಗಳದಿಂದ ದೂರ ಉಳಿದರೆ ‘ಸೇಫ್ ಗೇಮ್’. ಒಂದು ಲೆಕ್ಕಾಚಾರ ಹೊರಗೆ ಬಂದರೆ ಮುಖವಾಡ ಕಳಚಿತು ಅನ್ನುತ್ತೇವೆ. 2025ರ ಜನವರಿಯಲ್ಲಿ 11ನೇ ಸೀಸನ್ ಗೆದ್ದದ್ದು ವೈಲ್ಡ್ ಕಾರ್ಡ್‌ನಲ್ಲಿ ಒಳಗೆ ಬಂದ ಹಾವೇರಿಯ ಹನುಮಂತ. ಜನ ಅವನನ್ನು ಇಷ್ಟಪಟ್ಟದ್ದು ಹೆಚ್ಚಾಗಿ ಅವನ ಸರಳತೆಗೆ. ನಮ್ಮ ಓಟು ಮನುಷ್ಯನಿಗೆ, ಅವರ ಓಟು ಆಟಕ್ಕೆ. ಒಂದರ ಅಳತೆಗೋಲು ಇನ್ನೊಂದಕ್ಕೆ ಹೊಂದುವುದಿಲ್ಲ. ನಾನು ಎರಡನ್ನೂ ಅದರದರ ನಿಯಮದಲ್ಲೇ ನೋಡುತ್ತೇನೆ, ಅಷ್ಟೇ.

ಸರ್ವೈವರ್‌ನ 2008ರ ಎರಿಕ್ ಪ್ರಸಂಗ ಇಂದಿಗೂ ಅಭಿಮಾನಿಗಳ ಬಾಯಲ್ಲಿದೆ. ಐದೇ ಜನ ಉಳಿದಿದ್ದರು. ಎರಿಕ್‌ನ ಕೊರಳಲ್ಲಿ ಅವನನ್ನು ಕಾಪಾಡುವ ಹಾರ ಇತ್ತು, ಯಾರೂ ಅವನನ್ನು ಮುಟ್ಟುವ ಹಾಗಿರಲಿಲ್ಲ. ಇದನ್ನು ನಟಾಲಿಗೆ ಕೊಟ್ಟರೆ ನಿನ್ನ ಮೇಲೆ ನಮಗೆ ನಂಬಿಕೆ ಹುಟ್ಟುತ್ತದೆ ಎಂದು ನಾಲ್ವರು ಹೆಂಗಸರು ಅವನ ಮನಸ್ಸು ತಿರುಗಿಸಿದರು. ಅವನು ಹಾರ ತೆಗೆದು ನಟಾಲಿಯ ಕೊರಳಿಗೆ ಹಾಕಿದ. ಅದೇ ರಾತ್ರಿ ಅವರು ಅವನನ್ನೇ ಕಳಿಸಿದರು. ಪಾಪ ಅನಿಸುತ್ತದೆ ನಿಜ. ಆದರೆ ಹಾರ ಯಾರೂ ಕಿತ್ತುಕೊಳ್ಳಲಿಲ್ಲ, ಅವನೇ ಕೊಟ್ಟ. ಅದಕ್ಕೇ ಆ ಎಪಿಸೋಡ್ ನನಗೆ ಅಷ್ಟು ಇಷ್ಟ.

ಟ್ವಿಸ್ಟ್‌ಗಳ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಜಾಸ್ತಿಯಾಗುತ್ತದೆ. 2017ರ ‘ಗೇಮ್ ಚೇಂಜರ್ಸ್’ ಸೀಸನ್ ನೋಡಿ. ಆರು ಜನ ಉಳಿದಿದ್ದಾರೆ. ಒಬ್ಬನಿಗೆ ಸ್ಪರ್ಧೆ ಗೆದ್ದ ರಕ್ಷಣೆ. ಇಬ್ಬರನ್ನು ಒಬ್ಬನೇ ತನ್ನಲ್ಲಿದ್ದ, ಬಿದ್ದ ಓಟನ್ನು ರದ್ದು ಮಾಡುವ ಎರಡು ಐಡಲ್‌ಗಳಿಂದ ಉಳಿಸಿದ, ಒಂದು ತನಗೆ, ಒಂದು ಪಕ್ಕದವಳಿಗೆ. ನಾಲ್ಕನೆಯವನ ಹತ್ತಿರ ಇನ್ನೊಂದು ಐಡಲ್. ಐದನೆಯವಳ ಹತ್ತಿರ ಇನ್ನೊಂದು ವಿಶೇಷ ಸೌಲಭ್ಯ. ಉಳಿದವಳು ಸಿರಿ ಫೀಲ್ಡ್ಸ್ ಒಬ್ಬಳೇ. ಅವಳ ವಿರುದ್ಧ ಆ ರಾತ್ರಿ ಒಂದೇ ಒಂದು ಓಟೂ ಬಿದ್ದಿರಲಿಲ್ಲ. ಆದರೂ ಅವಳೇ ಮನೆಗೆ ಹೋಗಬೇಕಾಯಿತು, ಕಳಿಸಲು ಬೇರೆ ಯಾರೂ ಉಳಿದಿರಲಿಲ್ಲವಲ್ಲ. ಅಲ್ಲಿಯವರೆಗೆ ಜನರನ್ನು ಓದುವುದರಲ್ಲಿ ಅವಳಿಗೆ ಸಾಟಿಯಾದವರು ಕಡಿಮೆ. ಅವಳನ್ನು ಸೋಲಿಸಿದ್ದು ಎದುರಾಳಿಯಲ್ಲ, ತಯಾರಕರು ಸುರಿದ ಸಾಮಾನು. ಒಳ್ಳೆಯ ಟ್ವಿಸ್ಟ್ ಆಟಗಾರನ ಮುಂದೆ ಹೊಸ ಆಯ್ಕೆ ಇಡಬೇಕು. ಇದು ಇದ್ದ ಆಯ್ಕೆಯನ್ನೇ ಕಸಿದುಕೊಂಡಿತು.

ಅದೇ ಸೀಸನ್‌ನಲ್ಲಿ ನನಗೆ ನೋಡಲಾಗದ ಇನ್ನೊಂದು ಘಟನೆಯೂ ನಡೆಯಿತು. ಜೆಫ್ ವಾರ್ನರ್ ಹೊರಗೆ ಹೋಗುವ ಅಂಚಿನಲ್ಲಿದ್ದ. ತಾನು ಉಳಿಯಬೇಕು ಎಂದು, ಎಲ್ಲರೂ ಕೂತಿದ್ದಾಗ, ಕ್ಯಾಮೆರಾ ಮುಂದೆ, ಝೀಕ್ ಸ್ಮಿತ್ ಟ್ರಾನ್ಸ್‌ಜೆಂಡರ್ ಎಂಬುದನ್ನು ಬಯಲು ಮಾಡಿದ. ಝೀಕ್ ಅದನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಅವನು ಕಲ್ಲಿನಂತೆ ಕೂತುಬಿಟ್ಟ. ಉಳಿದವರು ವಾರ್ನರ್ ಮೇಲೆ ಮುಗಿಬಿದ್ದರು, ಕೆಲವರು ಅಳುತ್ತಿದ್ದರು. ಓಟಿನ ಚೀಟಿ ಬರೆಯುವ ಅಗತ್ಯವೂ ಬೀಳಲಿಲ್ಲ. ನಿರೂಪಕ ಜೆಫ್ ಪ್ರೋಬ್ಸ್ಟ್ ನೇರವಾಗಿ ಅವರನ್ನೇ ಕೇಳಿ ವಾರ್ನರ್‌ನನ್ನು ಕಳಿಸಿದ.

ಇದೂ ‘ಸ್ಟ್ರಾಟಜಿ’ಯೇ ಅಲ್ವಾ ಎಂದು ವಾದಿಸಿದವರನ್ನು ನಾನು ಕಂಡಿದ್ದೇನೆ. ಖಂಡಿತ ಅಲ್ಲ. ಎರಿಕ್ ಕಳೆದುಕೊಂಡಿದ್ದು ಒಂದು ಹಾರ, ಒಂದು ಅವಕಾಶ. ಅದು ದ್ವೀಪದಲ್ಲೇ ಮುಗಿಯಿತು. ಝೀಕ್‌ನಿಂದ ಕಿತ್ತುಕೊಂಡಿದ್ದು ಅವನ ಬದುಕಿಗೆ ಸೇರಿದ್ದು, ಯಾರಿಗೆ, ಯಾವಾಗ ಹೇಳಬೇಕು ಎಂಬ ಹಕ್ಕು. ಆಟ ಮುಗಿದ ಮೇಲೂ ಅದನ್ನು ವಾಪಸ್ ಕೊಡಲು ಬರುವುದಿಲ್ಲ.

2019ರಲ್ಲಿ ಇನ್ನೂ ಕೆಟ್ಟದ್ದಾಯಿತು. ಒಬ್ಬ ಸ್ಪರ್ಧಿ ಪದೇ ಪದೇ ಮೈ ಮುಟ್ಟುತ್ತಾನೆ ಎಂದು ಒಬ್ಬಳು ಕ್ಯಾಮೆರಾ ಮುಂದೆ ಅತ್ತು ಹೇಳಿದಳು. ತಯಾರಕರು ಅವನಿಗೆ ಎಚ್ಚರಿಕೆ ಕೊಟ್ಟು ಆಟ ಮುಂದುವರಿಸಿದರು. ಇಬ್ಬರು ಆ ದೂರನ್ನೇ ಓಟಿನ ಲೆಕ್ಕಾಚಾರಕ್ಕೆ ಬಳಸಿಕೊಂಡರು. ದೂರು ಕೊಟ್ಟವಳು ಹೊರಗೆ ಹೋದಳು. ಅವನು ಮುಂದೆ ಉಳಿದ. ಕೊನೆಗೆ ಕ್ಯಾಮೆರಾ ಹೊರಗೆ ನಡೆದ ಇನ್ನೊಂದು ಘಟನೆಯ ನಂತರವೇ ಅವನನ್ನು ಕಳಿಸಿದ್ದು. ಎಪಿಸೋಡ್ ಬಂದ ಮೇಲೆ ಆ ಇಬ್ಬರ ಮೇಲೆ ಅಭಿಮಾನಿಗಳು ಬೈಗುಳದ ಮಳೆಯನ್ನೇ ಸುರಿಸಿದರು. ಅವರು ಬಹಿರಂಗವಾಗಿ ಕ್ಷಮೆ ಕೇಳಿದರು. ಅವರು ಮಾಡಿದ್ದು ತಪ್ಪೇ. ಆದರೆ ಹಸಿದು, ನಿದ್ದೆಗೆಟ್ಟು, ಪೂರ್ತಿ ಚಿತ್ರ ಗೊತ್ತಿಲ್ಲದೆ ಕೂತವರು ಅವರು. ಎಲ್ಲ ದೃಶ್ಯವೂ ಕಣ್ಣ ಮುಂದಿದ್ದು, ಆಟ ನಿಲ್ಲಿಸುವ ಅಧಿಕಾರವೂ ಇದ್ದವರು ಬೇರೆ. ಸಿಬಿಎಸ್ ವಾಹಿನಿ ನಿಯಮ ಬದಲಿಸಿದ್ದು ಆಮೇಲೆ.

ಬಿಗ್ ಬಾಸ್ ಕನ್ನಡ ನೋಡುವಾಗಲೂ ನನ್ನ ಜಗಳ ಇದೇ. 2023ರ ಡಿಸೆಂಬರ್‌ನಲ್ಲಿ, 10ನೇ ಸೀಸನ್‌ನ ಒಂದು ಟಾಸ್ಕ್‌ನಲ್ಲಿ ಕುರ್ಚಿ ಮೇಲೆ ಕೂತ ಸಂಗೀತಾ ಮತ್ತು ಪ್ರತಾಪ್ ಮುಖಕ್ಕೆ ಸೋಪಿನ ಪುಡಿ ಕಲಸಿದ ನೀರು ಎರಚಿದರು. ಇಬ್ಬರ ಕಣ್ಣಿಗೂ ಪೆಟ್ಟಾಗಿ ಆಸ್ಪತ್ರೆಗೆ ಹೋಗಿ, ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ವಾಪಸ್ ಬಂದರು. ಎರಚಿದವರ ಮೇಲೆ ಸಿಟ್ಟು ಬರುವುದು ಸಹಜ, ನನಗೂ ಬಂತು. ಆದರೆ ಅಷ್ಟು ಕ್ಯಾಮೆರಾಗಳ ಹಿಂದೆ ಕೂತು ನೋಡುತ್ತಿದ್ದವರು ಮೊದಲ ಬಕೆಟ್‌ಗೇ ಟಾಸ್ಕ್ ಯಾಕೆ ನಿಲ್ಲಿಸಲಿಲ್ಲ? ಸ್ಪರ್ಧಿಗಳ ಅಪ್ಪ ಅಮ್ಮನನ್ನೂ ಸೇರಿಸಿ ಬೈಯುವ ಅಭಿಮಾನಿಗಳು ಈ ಪ್ರಶ್ನೆಯನ್ನು ಅಷ್ಟೇ ಜೋರಾಗಿ ಕೇಳಲಿ ಎಂಬುದು ನನ್ನ ಆಸೆ.