ಗುಜರಿಯಿಂದ ಬಂದ ಐದು ಚಕ್ರ

"ಶೆಟ್ರೆ, ಇದು ಆನೆಗೆ ಆಡಿನ ಕಾಲು ಸಿಕ್ಕಿಸಿದ ಹಾಗೆ ಉಂಟಲ್ಲ!"

ಹಿರಿಯಡ್ಕದ ಪಂಕ್ಚರ್ ಅಂಗಡಿ ಕಾಕ ನನ್ನ ಪಿಕಪ್ ನೋಡಿ ಹೇಳಿದ ಮಾತು ಇದು. ಬೇಜಾರಾಗಲಿಲ್ಲ. ಹೇಳಿದ್ದು ಸರಿಯೇ ಇತ್ತು: ಗಾಡಿ ಎತ್ತರ, ಟೈರು ಸಣ್ಣದು.

ನನ್ನದು 1994ರ ಮಹೀಂದ್ರ. ಮುಂದೆ ಜೀಪಿನ ಮೂತಿ, ಹಿಂದೆ ತೆಂಗಿನಕಾಯಿ ತುಂಬುವ ಬಾಡಿ, ನಾಲ್ಕೂ ಚಕ್ರಕ್ಕೆ ಎಳೆತ. ಪೆರ್ಡೂರಿನ ಆಚೆ ನಮ್ಮ ಅಡಿಕೆ ತೋಟ. ಡಾಮರು ಮುಗಿದ ಮೇಲೆ ಇನ್ನೂ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಆಟಿ ತಿಂಗಳ ಮಳೆಯಲ್ಲಿ ಆ ದಾರಿ ನೋಡಬೇಕು. ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಹೊಂಡ, ಮಧ್ಯದಲ್ಲಿ ಏಡಿ ಬೆನ್ನಿನ ಹಾಗೆ ದಿಬ್ಬ. ಗಾಡಿಯ ಹೊಟ್ಟೆ ದಿಬ್ಬದ ಮೇಲೆ ಕೂತಿತು ಅಂದ್ರೆ ನಾಲ್ಕು ಚಕ್ರ ತಿರುಗಿದರೂ ಪ್ರಯೋಜನ ಇಲ್ಲ. ಎರಡು ಸಲ ಹಾಗಾಯಿತು. ಎರಡನೇ ಸಲ ಗೊಬ್ಬರದ ಮೂಟೆಗಳನ್ನೆಲ್ಲ ಹೊತ್ತು ಇಳಿಸಿದ ಮೇಲೆ, ಗಾಡಿ ಎತ್ತರ ಮಾಡಿಸಲೇಬೇಕು ಎಂದು ನಿರ್ಧಾರ ಮಾಡಿದೆ.

ನಮ್ಮ ಮೇಸ್ತ್ರಿ ಕುಗ್ಗಿ ಹೋಗಿದ್ದ ಸ್ಪ್ರಿಂಗ್ ಪ್ಲೇಟುಗಳಿಗೆ ಕಮಾನು ಕೊಡಿಸಿದರು, ಒಂದೊಂದು ಪ್ಲೇಟ್ ಜಾಸ್ತಿ ಹಾಕಿದರು, ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಅಂದರೆ ಶಾಕಲ್, ಉದ್ದ ಮಾಡಿದರು. ಶಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಒಂದೇ ಇಂಚು. ಪ್ಲೇಟಿನ ಒಂದು ತುದಿ ಮಾತ್ರ ಕೆಳಗೆ ಹೋಗುತ್ತದೆ, ಇನ್ನೊಂದು ತುದಿ ಇದ್ದಲ್ಲೇ ಇರುತ್ತದೆ, ಅಲ್ವಾ. ಎಲ್ಲ ಸೇರಿ ಎರಡೂವರೆ ಇಂಚು ಎದ್ದಿತು. ಆದರೆ ಹೊಸ ಕಿರಿಕಿರಿ ಶುರುವಾಯಿತು. ತಿರುವಿನಿಂದ ಹೊರಬರುವಾಗ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಹಳೇ ಜೀಪಿನಲ್ಲಿ ಮುಂದಿನ ಶಾಕಲ್ ಇರುವುದು ಪ್ಲೇಟಿನ ಮುಂತುದಿಯಲ್ಲಿ. ಅದು ಉದ್ದವಾದರೆ ಮುಂದಿನ ಹೌಸಿಂಗ್, ಅಂದರೆ ಎರಡು ಚಕ್ರದ ನಡುವಿನ ಆಕ್ಸಲ್ ಕವಚ, ಸ್ವಲ್ಪ ಮುಂದಕ್ಕೆ ಮಗುಚುತ್ತದೆ, ಸ್ಟೇರಿಂಗನ್ನು ನೇರಕ್ಕೆ ತರುವ ಚಕ್ರದ ಓರೆ ತಪ್ಪುತ್ತದೆ. ಪ್ಲೇಟ್ ಮತ್ತು ಹೌಸಿಂಗ್ ಮಧ್ಯೆ ಓರೆಯಾದ ಕಬ್ಬಿಣದ ಬೆಣೆ ಕೊಟ್ಟ ಮೇಲೆ ಸರಿಯಾಯಿತು.

ಇಷ್ಟೆಲ್ಲ ಆದರೂ ಮತ್ತೆ ಸಿಕ್ಕಿಬಿದ್ದೆ! ಈ ಸಲ ತಾಗಿದ್ದು ಹೊಟ್ಟೆ ಅಲ್ಲ, ಹಿಂದಿನ ಹೌಸಿಂಗಿನ ನಡುವೆ ಗೇರ್ ಕೂತಿರುವ ಗುಂಡು. ಪ್ಲೇಟ್ ಎತ್ತರ ಮಾಡಿದರೆ ಚಾಸಿ ಏಳುತ್ತದೆ, ಬಾಡಿ ಏಳುತ್ತದೆ, ಹೌಸಿಂಗ್ ಮಾತ್ರ ಇದ್ದಲ್ಲೇ. ಅದು ಏಳಬೇಕಾದರೆ ದೊಡ್ಡ ಟೈರೇ ಬೇಕು. ನನ್ನ ಗಾಡಿಯ 6.00-16 ಟೈರಿನ (ಆರು ಇಂಚು ಅಗಲ, ಹದಿನಾರು ಇಂಚಿನ ರಿಮ್) ಎತ್ತರ ಸುಮಾರು 73 ಸೆಂಟಿಮೀಟರ್. 7.50-16 ಹಾಕಿದರೆ 80 ದಾಟುತ್ತದೆ. ವ್ಯತ್ಯಾಸ ಏಳೂವರೆ ಸೆಂಟಿಮೀಟರ್ ಹತ್ತಿರ, ಹೌಸಿಂಗ್ ಏರುವುದು ಅದರ ಅರ್ಧ, ಅಂದರೆ ಒಂದೂವರೆ ಇಂಚು. ಅಷ್ಟಕ್ಕೆ ಇಷ್ಟು ರಗಳೆಯಾ ಅಂತ ನನ್ನ ಹೆಂಡತಿ ಕೇಳಿದಳು. ಮೂಟೆ ಹೊತ್ತದ್ದು ಅವಳಲ್ಲವಲ್ಲ.

ಬೈಕಂಪಾಡಿ ಕಡೆ ಒಂದು ಗುಜರಿಯಲ್ಲಿ ಮಿಲಿಟರಿ ಮಾಲು ಬಂದಿದೆ ಎಂದು ಅಳಿಯ ಫೋನ್ ಮಾಡಿದ. ಸೈನ್ಯಕ್ಕೆ ಬೇಡವಾದ ಸಾಮಾನು ಎಂಎಸ್‌ಟಿಸಿ ಎಂಬ ಸರ್ಕಾರಿ ಕಂಪನಿಯ ಇ-ಹರಾಜಿನಲ್ಲಿ ಲಾಟ್ ಲೆಕ್ಕದಲ್ಲಿ ಹೋಗುತ್ತದೆ. ಅಲ್ಲಿಂದ ಕೈ ಬದಲಾಗಿ ಬದಲಾಗಿ ನಮ್ಮಂಥವರ ತನಕ ಬರುತ್ತದೆ. ಹೋಗಿ ನೋಡಿದರೆ ಐದು ಚಕ್ರ, ಹಸಿರು ಬಣ್ಣ, ಇಟ್ಟಿಗೆ ಜೋಡಿಸಿದ ಹಾಗೆ ದಪ್ಪ ಗಡ್ಡೆಯ ಟೈರು. ನೋಡಿದ ಕೂಡಲೇ ಮನಸ್ಸು ಸೋತಿತು, ಸುಳ್ಳು ಯಾಕೆ ಹೇಳಲಿ.

ಮೇಸ್ತ್ರಿ ಜೊತೆಗೆ ಬಂದದ್ದು ಒಳ್ಳೆಯದಾಯಿತು. ಅವರು ಟೈರ್ ನೋಡಲೇ ಇಲ್ಲ, ಜೇಬಿನಿಂದ ಟೇಪ್ ತೆಗೆದು ರಿಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಐದು ತೂತಿನ ರಿಮ್ಮಿನಲ್ಲಿ ಒಂದು ತೂತಿಗೆ ನೇರ ಎದುರು ಇನ್ನೊಂದು ತೂತು ಇರುವುದಿಲ್ಲ, ಹಾಗಾಗಿ ಅಡ್ಡ ಅಳೆಯಲು ಆಗುವುದಿಲ್ಲ. ಪಕ್ಕಪಕ್ಕದ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆಯಬೇಕು. 82 ಮಿಲಿಮೀಟರ್ ಬಂದರೆ ಅದು ಐದೂವರೆ ಇಂಚಿನ ವೃತ್ತ, ಜೀಪಿನದ್ದು. 67 ಬಂದರೆ ನಾಲ್ಕೂವರೆ ಇಂಚಿನದ್ದು, ಜೀಪಿಗೆ ಕೂರುವುದಿಲ್ಲ. ನಮ್ಮದು 82 ಬಂತು. ನಡುವಿನ ದೊಡ್ಡ ತೂತಿನಲ್ಲಿ ಮುಂದಿನ ಹಬ್, ಅಂದರೆ ಚಕ್ರ ಕೂರುವ ಉಬ್ಬು, ನುಗ್ಗುತ್ತದಾ ಎಂದೂ ನೋಡಿದರು. ಅದು ಸಣ್ಣದಾದರೆ ಮುಂದಿನ ಚಕ್ರ ಕೂರುವುದೇ ಇಲ್ಲ.

ಅಳಿಯ ಪಕ್ಕದಲ್ಲಿ ನಿಂತು ಫೋನಿನಲ್ಲಿ ಅಮೆರಿಕದ ಮಿಲಿಟರಿ ಗಾಡಿ ಹಮ್ವೀಯ ಚಕ್ರ ತೋರಿಸುತ್ತಿದ್ದ. 37 ಇಂಚಿನ ಟೈರು, ಎಂಟು ನಟ್ಟು. "ಮಾವ, ಇಂಥದ್ದು ತರಿಸುವ." ಅದರ ರಿಮ್ 16 ಅಲ್ಲ, ಹದಿನಾರೂವರೆ ಇಂಚು. ಅರ್ಧ ಇಂಚು ಎಂದು ಸಸಾರ ಮಾಡಿ ಅದಕ್ಕೆ 16ರ ಟೈರು ಹತ್ತಿಸಿ ಗಾಳಿ ತುಂಬಿದರೆ ಟೈರಿನ ಅಂಚಿನ ತಂತಿ ಕಡಿದು ಸಿಡಿಯುತ್ತದೆ. ಮೇಸ್ತ್ರಿ ಫೋನಿನ ಕಡೆ ಒಂದು ಸಲ ನೋಡಿ, "ಎಂಟು ನಟ್ಟು ಎಲ್ಲಿಗೆ ಹಾಕುದು, ನಿನ್ನ ತಲೆಗಾ?" ಎಂದರು.

ಗುಜರಿಯವನು "ಒಂದು ಕಿಲೋಮೀಟರ್ ಕೂಡ ಓಡಿಲ್ಲ ಸಾರ್, ಹೊಸ ಟೈರ್" ಎಂದ. ಓಡಿಲ್ಲ ಎನ್ನುವುದು ನಿಜವೇ ಇರಬಹುದು, ಗಡ್ಡೆ ಸವೆದಿರಲಿಲ್ಲ. ಆದರೆ ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಒರೆಸಿ ನೋಡಿದರೆ 2208. ಅಂದರೆ 2008ರ 22ನೇ ವಾರದ ಮಾಲು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಹೆಬ್ಬೆರಳಿನಿಂದ ಒತ್ತಿ ಮಡಚಿದರೆ ಗಡ್ಡೆಯ ಬುಡದಲ್ಲಿ ಸಣ್ಣ ಸಣ್ಣ ಬಿರುಕು ಬಾಯಿ ಬಿಡುತ್ತಿತ್ತು. ಐದರಲ್ಲಿ ಎರಡು ಟೈರ್ ಅಲ್ಲೇ ಬೇಡ ಎಂದೆವು. ಉಳಿದ ಮೂರು ತೋಟದ ದಾರಿಗೆ ಸಾಕು, ಹೆದ್ದಾರಿಗೆ ಬೇಡ ಎಂದು ಮೇಸ್ತ್ರಿ ತೀರ್ಪು ಕೊಟ್ಟರು. ರಿಮ್ ಐದೂ ಗಟ್ಟಿ. 14,000ಕ್ಕೆ ವ್ಯಾಪಾರ ಮುಗಿಯಿತು. ಮೇಲಿನಿಂದ ಇನ್ನೆರಡು ಹಳೇ ರಿಮ್ ಪುಕ್ಕಟೆ ಹಾಕಿದ. ಅದರಲ್ಲಿ ಒಂದಕ್ಕೆ ಟೈರೂ ಇತ್ತು.

ಪುಕ್ಕಟೆ ಬಂದ ಈ ರಿಮ್‌ಗಳು ಒಂದೇ ತುಂಡಿನದ್ದಲ್ಲ, ಎರಡು ಹೋಳು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಇದ್ದಂಥದ್ದು. ಒಳಸುತ್ತಿನ ಐದು ತೂತು ಗಾಡಿಗೆ ಕಟ್ಟಲು, ಹೊರಸುತ್ತಿನ ಎಂಟು ನಟ್ಟು ಎರಡು ಹೋಳನ್ನು ಒಂದಕ್ಕೊಂದು ಹಿಡಿದಿಡಲು. ನನಗೆ ಇದು ಗೊತ್ತಿರಲಿಲ್ಲ. ಅಳಿಯನಿಗಂತೂ ಗೊತ್ತೇ ಇಲ್ಲ.

ಕಾಕನ ಅಂಗಡಿಯಲ್ಲಿ ಎಲ್ಲ ಇಳಿಸಿದೆವು. ಕಾಕ ಚಾ ಕುಡಿಯುತ್ತಿದ್ದರು. ಅಳಿಯ ಸುಮ್ನೆ ಇರಲಾರದೆ ಸ್ಪ್ಯಾನರ್ ತೆಗೆದುಕೊಂಡು ಆ ಟೈರ್ ಇದ್ದ ರಿಮ್ಮಿನ ಹೊರಸುತ್ತಿನ ಒಂದು ನಟ್ಟಿಗೆ ಹಾಕಿ ತಿರುಗಿಸಿದ. ಕಿರ್ ಎಂದಿತು. ಕಾಕ ಗ್ಲಾಸ್ ಅಲ್ಲೇ ಬಿಟ್ಟು ಓಡಿ ಬಂದು ಅವನ ಕೈ ಹಿಡಿದರು. ಅಷ್ಟು ವಯಸ್ಸಾದವರು ಅಷ್ಟು ಜೋರು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಮಾರಾಯ, ಅದರಲ್ಲಿ ಗಾಳಿ ಉಂಟು! ಮೇಲಿನ ಹೋಳು ನಿನ್ನ ಮುಖಕ್ಕೇ ಬರ್ತದೆ!"

ಆಮೇಲೆ ಅವರೇ ಕೂತರು. ವಾಲ್ವಿನ ಪಿನ್ ಬಿಚ್ಚಿದರು. ಗಾಳಿ ಬರಲೇ ಇಲ್ಲ. ನಾನು "ಗಾಳಿ ಇಲ್ಲ ಕಾಕ" ಎಂದೆ. ಅವರು ಮಾತಾಡದೆ ಒಂದು ಸಪೂರ ತಂತಿ ತೆಗೆದು ವಾಲ್ವಿನೊಳಗೆ ಮೆಲ್ಲ ಚುಚ್ಚಿದರು. ತುಕ್ಕಿನ ಪುಡಿ ಹಾರಿತು, ಹಿಂದೆಯೇ ಸುಂಯ್ ಎಂದು ಗಾಳಿ. ಎಷ್ಟೋ ಹೊತ್ತು ಹೋಗುತ್ತಲೇ ಇತ್ತು. ಅಷ್ಟೂ ಹೊತ್ತು ನಾವು ಮೂವರೂ ಮಾತಾಡಲಿಲ್ಲ. ಪೂರ್ತಿ ಹೋದ ಮೇಲೂ ಟೈರ್ ಮೇಲೆ ಕಾಲಿಟ್ಟು ಒತ್ತಿ ನೋಡಿ, ನಂತರವೇ ನಟ್ಟು ಮುಟ್ಟಿದರು. ಆ ಎರಡು ರಿಮ್ ಈಗ ನಮ್ಮ ಕೊಟ್ಟಿಗೆಯ ಗೋಡೆಯಲ್ಲಿ ನೇತಾಡುತ್ತಿವೆ.

ಉಳಿದ ಐದು ರಿಮ್ಮಿಗೆ ತಂತಿ ಬ್ರಷ್, ರೆಡ್ ಆಕ್ಸೈಡ್, ಮೇಲೆ ಕಪ್ಪು ಬಣ್ಣ. ಅಳಿಯನಿಗೆ ಹಸಿರೇ ಇರಲಿ, ಗಾಡಿಗೂ ಅದನ್ನೇ ಹೊಡೆಸುವ ಎಂಬ ಆಸೆ. ಆ ಮಿಲಿಟರಿ ಹಸಿರು ಸೈನ್ಯದ ಗಾಡಿಗಳಿಗೆ ಮಾತ್ರ, ಬೇರೆಯವರು ಗಾಡಿಗೆ ಹೊಡೆಸುವ ಹಾಗಿಲ್ಲ ಎಂದು 1989ರ ಮೋಟಾರು ವಾಹನ ನಿಯಮದಲ್ಲೇ ಇದೆ. ಎರಡು ಹೊಸ ಟೈರ್, ಐದು ಟ್ಯೂಬ್, ಟ್ಯೂಬಿಗೂ ರಿಮ್ಮಿಗೂ ಮಧ್ಯೆ ಹಾಕುವ ಫ್ಲ್ಯಾಪ್ ಎಲ್ಲ ಸೇರಿ ಚಕ್ರದ ಬೆಲೆಗಿಂತ ಜಾಸ್ತಿಯೇ ಆಯಿತು. ಲೆಕ್ಕ ಬರೆದಿಟ್ಟಿಲ್ಲ. ಬರೆದಿದ್ದರೆ ಮನೆಯಲ್ಲಿ ಯಾರಾದರೂ ಓದುತ್ತಿದ್ದರು.

ಕಟ್ಟುವ ದಿನ ಇನ್ನೊಂದು. ನನ್ನ ಗಾಡಿಯ ಎಡಗಡೆ ಚಕ್ರದ ಬೋಲ್ಟುಗಳಿಗೆ ಉಲ್ಟಾ ಮರೆ, ಅಂದರೆ ತಿರುಪಿನ ಗೆರೆ ವಿರುದ್ಧ ದಿಕ್ಕಿಗೆ. ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಹಳೇ ಜೀಪುಗಳಲ್ಲಿ ಹೀಗೆ ಇರುತ್ತಿತ್ತು, ಓಡುವಾಗ ನಟ್ಟು ತಾನಾಗಿ ಸಡಿಲ ಆಗದಿರಲಿ ಎಂದು. ಬಲಗಡೆ ಮುಗಿಸಿ ಎಡಕ್ಕೆ ಬಂದ ಅಳಿಯ, ನಟ್ಟು ಬರುವುದಿಲ್ಲ ಎಂದು ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತ. ಟಕ್. ಬೋಲ್ಟೇ ತುಂಡು. ಮೇಸ್ತ್ರಿ ಏನೂ ಹೇಳಲಿಲ್ಲ. ಅದು ಬೈಗುಳಕ್ಕಿಂತ ಜೋರು.

ಕಟ್ಟಿದ ಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮುಂದಿನ ಪ್ಲೇಟಿಗೆ ಉಜ್ಜುತ್ತಿತ್ತು. ಸ್ಟಾಪರ್ ಬೋಲ್ಟ್ ಸ್ವಲ್ಪ ಹೊರಗೆ ತಂದು ತಿರುಗುವುದನ್ನೇ ಕಡಿಮೆ ಮಾಡಿದರು. ಹಾಗಾಗಿ ಪೇಟೆಯಲ್ಲಿ ಒಂದೇ ಸಲಕ್ಕೆ ತಿರುಗುತ್ತಿದ್ದ ಕಡೆ ಈಗ ರಿವರ್ಸ್ ತೆಗೆದು ಎರಡು ಸಲ. ಪವರ್ ಸ್ಟೇರಿಂಗ್ ಇಲ್ಲ. "ಇದು ಗಾಡಿ ಬಿಡುವುದೋ, ಬಾವಿಯಿಂದ ನೀರು ಸೇದುವುದೋ?" ಎಂದು ಮಗಳು ಕೇಳಿದಳು. ಮೀಟರಿನಲ್ಲಿ 40 ತೋರಿಸುವಾಗ ಗಾಡಿ ನಿಜಕ್ಕೂ 44ರಲ್ಲಿ ಓಡುತ್ತಿರುತ್ತದೆ.

ಹುರುಪಿನಲ್ಲಿ ಒಂದು ಭಾನುವಾರ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿಸಿದೆ. ಮೊದಲು ಎರಡನೇ ಗೇರಿನಲ್ಲಿ ಏರುತ್ತಿದ್ದ ಹೇರ್‌ಪಿನ್ ತಿರುವುಗಳಿಗೆಲ್ಲ ಫಸ್ಟ್ ಗೇರೇ ಬೇಕಾಯಿತು. ಇಳಿಯುವಾಗ ಇನ್ನೂ ಕಷ್ಟ. ಬ್ರೇಕ್ ಡ್ರಮ್ ಅದೇ, ತಡೆಯಬೇಕಾದ ಚಕ್ರ ಮಾತ್ರ ದೊಡ್ಡದು. ಪೆಡಲ್ ಮೇಲೆ ನಿಂತೇ ಇಳಿದೆ ಎನ್ನಬಹುದು. ಕೆಳಗೆ ಬರುವಾಗ ಬ್ರೇಕ್ ಸುಟ್ಟ ವಾಸನೆ. ಒಂದು ಚಾ ಅಂಗಡಿ ಪಕ್ಕ ಅರ್ಧ ಗಂಟೆ ನಿಲ್ಲಿಸಿದೆ.

ಕಾನೂನಿನ ಕಥೆಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟದ್ದನ್ನು ನಮ್ಮಿಷ್ಟಕ್ಕೆ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಈ ಗಡ್ಡೆ ಟೈರಿನಲ್ಲಿ ಉಡುಪಿ ಪೇಟೆಗೆ ಹೋಗುವ ಧೈರ್ಯವೂ ನನಗಿಲ್ಲ, ಘಾಟಿಯ ಮೇಲೆ ಆಸೆಯೂ ಇಲ್ಲ. ಚಕ್ರಗಳನ್ನು ತೋಟದ ಶೆಡ್ಡಿಗೆ ಸಾಗಿಸಿದ್ದೇನೆ. ಡಾಮರಿಗೆ ಹಳೇ 6.00-16, ಡಾಮರು ಮುಗಿಯುವಲ್ಲಿರುವ ಶೆಡ್ಡಿನಲ್ಲಿ ಬದಲಾವಣೆ. ನಾಲ್ಕು ಚಕ್ರಕ್ಕೆ ನನಗೆ ಮುಕ್ಕಾಲು ಗಂಟೆ. ಗೊಬ್ಬರ, ಅಡಿಕೆ ಸಾಗಿಸುವ ದಿನ ಮಾತ್ರ ಈ ಕೆಲಸ. ಉಳಿದ ದಿನ ನಡೆದೇ ಹೋಗುತ್ತೇನೆ.

ದಿಬ್ಬ ಮಾತ್ರ ಈಗ ತಾಗುವುದಿಲ್ಲ. ಹೊಂಡದೊಳಗೆ ಇಳಿದರೂ ಆ ಗಡ್ಡೆಗಳು ಕೆಸರು ಕಚ್ಚಿಕೊಂಡು ಎತ್ತಿಬಿಡುತ್ತವೆ. ಗಾಳಿ 20ಕ್ಕೆ ಇಳಿಸಿದರೆ ಇನ್ನೂ ಸಲೀಸು.

ನಿನ್ನೆಯಿಂದ ಮಳೆ ಹಿಡಿದಿದೆ. ಶನಿವಾರ ಗೊಬ್ಬರ ಬರುತ್ತದೆ, ಚಕ್ರ ಬದಲಿಸಬೇಕು. ಎಡಗಡೆಯ ಹತ್ತೂ ನಟ್ಟಿಗೆ ಕೆಂಪು ಬಣ್ಣ ಹಚ್ಚಿಟ್ಟಿದ್ದೇನೆ. ಅಳಿಯ ಸಹಾಯಕ್ಕೆ ಬರುತ್ತಾನಂತೆ.